ಬದುಕಿನ ತೃಪ್ತಿಗೂ ಮನೆಯ ಸ್ಥಿತಿಗತಿಗೂ ಏನು ಸಂಬಂಧ? ಸಮೀಕ್ಷೆ ಮಾಡಿ ಲೆಕ್ಕ ಹಾಕುವವರಿಗೊಂದು ಮಾರ್ಗದರ್ಶಿ

ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಸಮಾಜಕಾರ್ಯ ಓದುವ ವಿದ್ಯಾರ್ಥಿಗಳು ಪ್ರಬಂಧ ಬರೆಯುವ ಹೊತ್ತಿಗೆ ಪ್ರತಿವರ್ಷ ಕೇಳುವ ಪ್ರಶ್ನೆ ಒಂದೇ. "ಮೇಡಂ, ಇನ್ನೂರು ಜನರ ಡೇಟಾ ಇದೆ. ಆದಾಯಕ್ಕೂ ಜೀವನ ತೃಪ್ತಿಗೂ ಸಂಬಂಧ ತೋರಿಸಬೇಕು. ಯಾವ ಟೆಸ್ಟ್ ಹಾಕಲಿ?"

ಈ ಪ್ರಶ್ನೆ ಬರುವಷ್ಟರಲ್ಲಿ ಸಾಮಾನ್ಯವಾಗಿ ತಡವಾಗಿರುತ್ತದೆ. ಟೆಸ್ಟ್ ಆರಿಸುವುದು ಹತ್ತು ನಿಮಿಷದ ಕೆಲಸ. ಲೆಕ್ಕ ಕೆಡುವುದು ಅದಕ್ಕೂ ಎಷ್ಟೋ ಮೊದಲು, ಯಾರದೋ ಮನೆಯ ಜಗಲಿಯ ಮೇಲೆ ಕೂತು ಪ್ರಶ್ನೆ ಕೇಳುವಾಗ ಮತ್ತು ಉತ್ತರವನ್ನು ಅಂಕಿಯಾಗಿ ಬರೆದುಕೊಳ್ಳುವಾಗ. ಅಲ್ಲಿ ತಪ್ಪಿದ್ದನ್ನು ಯಾವ ಸಾಫ್ಟ್‌ವೇರೂ ಸರಿಮಾಡದು. ಹಾಗಾಗಿ ಈ ಬರಹದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಲೆಕ್ಕಕ್ಕೆ ಮುಂಚಿನ ಕೆಲಸದ ಬಗ್ಗೆಯೇ ಇದೆ. ಕರ್ನಾಟಕದ ಒಂದೆರಡು ತಾಲ್ಲೂಕುಗಳಲ್ಲಿ ಮನೆಮನೆ ಸಮೀಕ್ಷೆ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಉತ್ತರ ತುಂಬಿಕೊಳ್ಳಲು ಒಂದು ಮೊಬೈಲು. ಕೋಬೋಟೂಲ್‌ಬಾಕ್ಸ್‌ನಲ್ಲಿ ಕನ್ನಡದಲ್ಲೇ ಫಾರಂ ಮಾಡಬಹುದು, ನೆಟ್‌ವರ್ಕ್ ಇಲ್ಲದ ಕಡೆಯೂ ತುಂಬಬಹುದು. ಲೆಕ್ಕಕ್ಕೆ ಜಮೋವಿ, ಪಿಎಸ್‌ಪಿಪಿ ಅಥವಾ ಆರ್, ಮೂರೂ ಉಚಿತ. ದುಬಾರಿ ಸಾಫ್ಟ್‌ವೇರಿನ ಕಳ್ಳಪ್ರತಿ ಹುಡುಕುತ್ತಾ ವಾರ ಕಳೆಯಬೇಡಿ. ಜೊತೆಗೆ ದಪ್ಪ ರಟ್ಟಿನ ಮೇಲೆ ಬರೆದ ಒಂದು ಏಣಿಯ ಚಿತ್ರ. ಅದು ಯಾಕೆ ಅನ್ನುವುದು ಎರಡನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ಸಾಮಾಜಿಕ-ಆರ್ಥಿಕ ಸ್ಥಿತಿ ಮತ್ತು ಜೀವನ ತೃಪ್ತಿ: ಒಂದು ಅಧ್ಯಯನ" ಎಂಬುದು ಶೀರ್ಷಿಕೆ, ಪ್ರಶ್ನೆಯಲ್ಲ. "ಒಂದೇ ಮಟ್ಟದ ಆದಾಯವಿರುವ ಮನೆಗಳಲ್ಲಿ ಕೈಸಾಲ ಇರುವವರ ತೃಪ್ತಿ ಇಲ್ಲದವರಿಗಿಂತ ಕಡಿಮೆಯೇ?" ಎಂಬುದು ಪ್ರಶ್ನೆ. ಇದನ್ನು ಬರೆದುಕೊಂಡರೆ ಏನನ್ನು ಅಳೆಯಬೇಕು, ಯಾರನ್ನು ಯಾರೊಂದಿಗೆ ಹೋಲಿಸಬೇಕು ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಹೊಸ ಸಮೀಕ್ಷೆ ಬೇಕೇ ಬೇಕೇ ಅಂತಲೂ ಈಗಲೇ ಯೋಚಿಸಿ. ವಯಸ್ಸಾದವರ ಬಗ್ಗೆ ನಿಮ್ಮ ಆಸಕ್ತಿಯಾದರೆ ಲಾಸಿ ಎಂಬ ರಾಷ್ಟ್ರೀಯ ಸಮೀಕ್ಷೆ ಇದೆ. ಮೊದಲ ಸುತ್ತು 2017–18ರಲ್ಲಿ ನಡೆಯಿತು. 45 ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ ಸುಮಾರು 72,000 ಜನರನ್ನು ಮಾತಾಡಿಸಿದ್ದಾರೆ, ಜೀವನ ತೃಪ್ತಿಯ ಪ್ರಶ್ನೆಗಳೂ ಅದರಲ್ಲಿವೆ. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನಗಳ ಸಂಸ್ಥೆಗೆ ಅರ್ಜಿ ಹಾಕಿ ಡೇಟಾ ಪಡೆಯಬಹುದು. ವರ್ಲ್ಡ್ ವ್ಯಾಲ್ಯೂಸ್ ಸರ್ವೇಯ ಭಾರತದ ಸುತ್ತುಗಳೂ ಉಚಿತವಾಗಿ ಸಿಗುತ್ತವೆ. ಆರು ವಾರ ಮಾತ್ರ ಕೈಯಲ್ಲಿರುವ ವಿದ್ಯಾರ್ಥಿಗೆ, ಅವಸರದಲ್ಲಿ ಮಾಡಿದ ಅರವತ್ತು ಮನೆಯ ಸಮೀಕ್ಷೆಗಿಂತ ಇವುಗಳಲ್ಲಿ ಒಂದನ್ನು ಚೆನ್ನಾಗಿ ಬಳಸುವುದು ಎಷ್ಟೋ ಮೇಲು.

ಹಂತ 2: ತೃಪ್ತಿಯನ್ನು ಅಳೆಯುವ ಪ್ರಶ್ನೆ

ಇಲ್ಲಿ ನಿಧಾನವಾಗಿ ಹೋಗೋಣ, ಯಾಕೆಂದರೆ ಉಳಿದದ್ದೆಲ್ಲ ಈ ಒಂದು ಅಂಕಿಯ ಮೇಲೆ ನಿಂತಿದೆ.

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಗಳು ಎರಡು. ಒಂದು ಏಣಿ. ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಮನೋವಿಜ್ಞಾನಿ 1965ರಲ್ಲಿ ಪ್ರಕಟಿಸಿದ ವಿಧಾನ. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲು. ಉತ್ತರ ಕೊಡುವವರು ತಾವು ಎಲ್ಲಿದ್ದೇವೆ ಅಂತ ತೋರಿಸುತ್ತಾರೆ. 2012ರಿಂದ ಬರುತ್ತಿರುವ ವಿಶ್ವ ಸಂತೋಷ ವರದಿಯ ಪಟ್ಟಿ ನಿಂತಿರುವುದು ಈ ಏಣಿಯ ಮೇಲೆಯೇ. 2025ರ ಪಟ್ಟಿಯ 147 ದೇಶಗಳಲ್ಲಿ ಭಾರತದ ಸ್ಥಾನ 118. ಇನ್ನೊಂದು, ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ಮಾಡಿದ ಜೀವನ ತೃಪ್ತಿ ಮಾಪಕ. ಅದರಲ್ಲಿ 5 ಹೇಳಿಕೆಗಳು, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಒಪ್ಪಿಗೆಯ ಮಟ್ಟ. ಹಾಗಾಗಿ ಒಟ್ಟು ಅಂಕ 5ರಿಂದ 35ರ ನಡುವೆ ಇರುತ್ತದೆ, 20 ನಡುಬಿಂದು. ಓದುಬರಹ ಬಲ್ಲವರಿಗೆ ಎರಡನೆಯದು ಚೆನ್ನಾಗಿ ಒಗ್ಗುತ್ತದೆ. ಹಳ್ಳಿಯ ಹಿರಿಯರ ಮುಂದೆ "ಸ್ವಲ್ಪ ಒಪ್ಪುತ್ತೇನೆ, ಒಪ್ಪುತ್ತೇನೆ, ಬಲವಾಗಿ ಒಪ್ಪುತ್ತೇನೆ" ಎಂಬ ವ್ಯತ್ಯಾಸ ನಿಲ್ಲುವುದಿಲ್ಲ. ಅಲ್ಲಿ ನನ್ನ ಮತ ಏಣಿಗೆ.

ಈಗ ಕನ್ನಡದ ಸಮಸ್ಯೆ. "ನಿಮ್ಮ ಜೀವನದಲ್ಲಿ ನಿಮಗೆ ತೃಪ್ತಿ ಇದೆಯೇ?" ಎಂದು ಕೇಳಿದರೆ ಬಹಳ ಜನ "ಇದೆ" ಅನ್ನುತ್ತಾರೆ. ನಮ್ಮಲ್ಲಿ ತೃಪ್ತಿ ಎನ್ನುವುದು ಒಂದು ಭಾವನೆ ಮಾತ್ರವಲ್ಲ, ಇರಬೇಕಾದ ಗುಣ ಕೂಡ. ಇದ್ದುದರಲ್ಲಿ ತೃಪ್ತಿಪಡಬೇಕು ಎಂದು ಕೇಳಿಕೊಂಡೇ ಬೆಳೆದವರು ಮನೆಗೆ ಬಂದ ಅಪರಿಚಿತರ ಮುಂದೆ "ತೃಪ್ತಿ ಇಲ್ಲ" ಅನ್ನುವುದು ಕಷ್ಟ. ದುರಾಸೆಯವಳು ಅಂದುಕೊಂಡಾರು ಎಂಬ ಅಳುಕು. "ಸಂತೋಷವಾಗಿದ್ದೀರಾ?" ಅಂದರೆ ಆ ದಿನದ ಮನಸ್ಸು ಉತ್ತರ ಕೊಡುತ್ತದೆ. "ನೆಮ್ಮದಿ" ಅಂದರೆ ಸಾಲಗಾರರ ಕಾಟ, ಮನೆಯ ಜಗಳ, ನಿದ್ದೆ ನೆನಪಾಗುತ್ತವೆ. "ಸಮಾಧಾನ" ಇವೆರಡರ ನಡುವೆ ಎಲ್ಲೋ ಇದೆ. ಇವು ನಾಲ್ಕೂ ಬೇರೆ ಬೇರೆ ಪ್ರಶ್ನೆಗಳು, ಒಂದರ ಬದಲು ಇನ್ನೊಂದನ್ನು ಬಳಸಲಾಗದು. ಸಂಶೋಧಕರು ಕೂಡ ಬದುಕಿನ ಒಟ್ಟು ಮೌಲ್ಯಮಾಪನವನ್ನೂ ದಿನನಿತ್ಯದ ಭಾವನೆಯನ್ನೂ ಬೇರೆಯಾಗಿಯೇ ಅಳೆಯುತ್ತಾರೆ. ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ 2010ರಲ್ಲಿ ಅಮೆರಿಕದ ಡೇಟಾ ನೋಡಿದಾಗ, ಆದಾಯ ಏರಿದಂತೆ ಮೊದಲನೆಯದು ಏರುತ್ತಲೇ ಹೋಗಿತ್ತು. ಎರಡನೆಯದು ವರ್ಷಕ್ಕೆ ಸುಮಾರು 75,000 ಡಾಲರಿನ ಆಸುಪಾಸಿನಲ್ಲಿ ನಿಂತಿತ್ತು. ಎರಡನೆಯದು ನಿಜಕ್ಕೂ ನಿಲ್ಲುತ್ತದೆಯೇ ಎಂಬ ಚರ್ಚೆ ಆಮೇಲೂ ಮುಂದುವರಿಯಿತು, ಆದರೆ ಎರಡೂ ಒಂದೇ ಅಲ್ಲ ಎಂಬುದರಲ್ಲಿ ಅನುಮಾನವಿಲ್ಲ.

ಏಣಿಯ ಅನುಕೂಲ ಇಲ್ಲಿದೆ: ಅದರಲ್ಲಿ ತೃಪ್ತಿ ಎಂಬ ಪದವೇ ಬೇಡ. ನಾನು ಬಳಸುವ ಮಾತು ಇದು:

"ಈ ಏಣಿ ನೋಡಿ. ಕೆಳಗೆ ಸೊನ್ನೆ, ತುದಿಯಲ್ಲಿ ಹತ್ತು. ನಿಮ್ಮ ಪಾಲಿಗೆ ಎಲ್ಲಕ್ಕಿಂತ ಒಳ್ಳೆಯ ಬದುಕು ಯಾವುದೋ ಅದು ತುದಿ. ಎಲ್ಲಕ್ಕಿಂತ ಕಷ್ಟದ ಬದುಕು ಕೆಳಗಿನ ಸೊನ್ನೆ. ಈಗ ಸದ್ಯಕ್ಕೆ ನೀವು ಯಾವ ಮೆಟ್ಟಿಲ ಮೇಲೆ ಇದ್ದೀರಿ ಅನ್ನಿಸುತ್ತೆ? ಬೆರಳಿಟ್ಟು ತೋರಿಸಿ."

ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಮೊದಲು ಮೂರನೇ ಮೆಟ್ಟಿಲ ಮೇಲೆ ಬೆರಳಿಟ್ಟರು. ಸ್ವಲ್ಪ ಹೊತ್ತು ರಟ್ಟನ್ನೇ ನೋಡಿದರು. "ಮಕ್ಳು ಚೆನ್ನಾಗವ್ರೆ ಕಣವ್ವ" ಅನ್ನುತ್ತಾ ಬೆರಳನ್ನು ಐದಕ್ಕೆ ಸರಿಸಿದರು. ಬರೆಯಬೇಕಾದದ್ದು ಐದು. ಆ ಹೊತ್ತು ನೀವು ಸುಮ್ಮನಿರಬೇಕು, "ಮೂರಾ ಐದಾ?" ಅಂತ ಅವಸರಪಡಿಸಬಾರದು. ಹಾಗೆಯೇ "ಹೆಂಗೋ ನಡೀತೈತಿ ರೀ" ಎಂಬ ಉತ್ತರ ಬಂದರೆ ಅದನ್ನು ನೀವೇ ಐದು ಅಂತ ಅಂದಾಜಿಸಿ ಬರೆದುಕೊಳ್ಳಬೇಡಿ. ಏಣಿಯನ್ನು ಮತ್ತೆ ಮುಂದಿಡಿ. ಆಗಲೂ ಬೆರಳಿಡದಿದ್ದರೆ "ಉತ್ತರವಿಲ್ಲ" ಎಂದೇ ದಾಖಲಿಸಿ.

ಅಂತಿಮಗೊಳಿಸುವ ಮುನ್ನ ಹತ್ತು ಹನ್ನೆರಡು ಜನರ ಮೇಲೆ ಪ್ರಯೋಗ ಮಾಡಿ, ಉತ್ತರ ಕೊಟ್ಟ ಮೇಲೆ "ಆ ಮೆಟ್ಟಿಲು ಯಾಕೆ ತೋರಿಸಿದಿರಿ?" ಅಂತ ಕೇಳಿ. ಅವರು ಬದುಕಿನ ಬಗ್ಗೆ ಮಾತಾಡಿದರೆ ಪ್ರಶ್ನೆ ಕೆಲಸ ಮಾಡುತ್ತಿದೆ. ಬರೀ ದುಡ್ಡಿನ ಬಗ್ಗೆ ಮಾತಾಡಿದರೆ ಅವರಿಗೆ ಅದು ಶ್ರೀಮಂತಿಕೆಯ ಏಣಿಯಾಗಿ ಕಂಡಿದೆ, ಮಾತು ತಿದ್ದಿ.

ಹಂತ 3: ಸ್ಥಿತಿಗತಿಯನ್ನು ಬರೆದುಕೊಳ್ಳುವುದು

"ತಿಂಗಳ ಆದಾಯ ಎಷ್ಟು?" ಎಂಬ ಒಂದೇ ಪ್ರಶ್ನೆಗೆ ಸಂಬಳದಾರರು ಮಾತ್ರ ಉತ್ತರ ಕೊಡಬಲ್ಲರು. ರಾಗಿ ಬೆಳೆದು ಮನೆಗೇ ಇಟ್ಟುಕೊಂಡವರು, ಹಾಲು ಡೇರಿಗೆ ಹಾಕುವವರು, ವಾರದಲ್ಲಿ ಮೂರು ದಿನ ಕೂಲಿ ಸಿಕ್ಕವರು ಏನು ಹೇಳಬೇಕು? ಮೂಲವಾರು ಕೇಳಿ: ಬೆಳೆ, ಹಾಲು, ಕೂಲಿ, ಸಂಬಳ, ಪೇಟೆಯಲ್ಲಿರುವ ಮಕ್ಕಳು ಕಳಿಸುವ ದುಡ್ಡು, ಪಿಂಚಣಿ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಅದು 2023ರ ಆಗಸ್ಟ್‌ನಲ್ಲಿ ಶುರುವಾದದ್ದು, ಮನೆಯ ಯಜಮಾನಿಯ ಖಾತೆಗೇ ಬರುವಂಥದ್ದು. ಮನೆಯ ಆದಾಯ ಎಷ್ಟು ಎಂಬುದು ಒಂದು ಮಾತು. ಉತ್ತರ ಕೊಡುತ್ತಿರುವ ಹೆಂಗಸಿನ ಕೈಗೆ ಎಷ್ಟು ಬರುತ್ತದೆ ಎಂಬುದು ಇನ್ನೊಂದು. ತೃಪ್ತಿಯ ಅಧ್ಯಯನದಲ್ಲಿ ಎರಡನ್ನೂ ಕೇಳದೆ ಬಿಡಬಾರದು.

ಕೃಷಿ ಕುಟುಂಬಗಳಲ್ಲಿ ಖರ್ಚನ್ನು ಕೇಳುವುದು ಆದಾಯ ಕೇಳುವುದಕ್ಕಿಂತ ನಂಬಿಕಸ್ತ. ಸರ್ಕಾರದ ಕುಟುಂಬ ಬಳಕೆ ವೆಚ್ಚ ಸಮೀಕ್ಷೆ ಮಾಡುವುದೂ ಅದನ್ನೇ: 2023–24ರಲ್ಲಿ ದೇಶದ ಗ್ರಾಮೀಣ ಭಾಗದ ಸರಾಸರಿ ತಲಾ ಮಾಸಿಕ ವೆಚ್ಚ 4,122 ರೂಪಾಯಿ, ನಗರದಲ್ಲಿ 6,996. ನಿಮ್ಮ ಅಂಕಿಗಳು ಇದಕ್ಕಿಂತ ತೀರಾ ದೂರವಿದ್ದರೆ ಕಾರಣ ಹುಡುಕಿ.

ಪದೇಪದೇ ನೋಡಿರುವ ಮೂರು ತಪ್ಪುಗಳಿವೆ, ಮೂರೂ ಊರಿನ ಮಾತನ್ನು ಕೋಷ್ಟಕಕ್ಕೆ ಇಳಿಸುವಾಗ ಆಗುವಂಥವು.

ಬಡ್ಡಿ. "ಐವತ್ತು ಸಾವಿರ ತಂದಿದ್ದೀವಿ, ನೂರಕ್ಕೆ ಮೂರು ರೂಪಾಯಿ" ಅಂದರೆ ಅದು ತಿಂಗಳಿಗೆ. ವರ್ಷಕ್ಕೆ ಶೇ. 36. ತಿಂಗಳಿಗೆ 1,500, ವರ್ಷಕ್ಕೆ 18,000 ರೂಪಾಯಿ ಬಡ್ಡಿಗೇ ಹೋಗುತ್ತದೆ. ಬಡ್ಡಿದರದ ಕಾಲಂನಲ್ಲಿ 3 ಅಂತ ಬರೆದು ಬ್ಯಾಂಕಿನ ಬೆಳೆಸಾಲದ ಪಕ್ಕದಲ್ಲಿಟ್ಟರೆ, ಊರಿನ ಅತಿ ದುಬಾರಿ ಸಾಲ ನಿಮ್ಮ ಡೇಟಾದಲ್ಲಿ ಅತಿ ಅಗ್ಗದ ಸಾಲವಾಗಿ ಕಾಣುತ್ತದೆ. ಹಾಗಾದಾಗ "ಸಾಲದ ಬಡ್ಡಿಗೂ ತೃಪ್ತಿಗೂ ಸಂಬಂಧವಿಲ್ಲ" ಎಂಬ ಸುಳ್ಳು ಫಲಿತಾಂಶ ಬರುತ್ತದೆ. ಬ್ಯಾಂಕು, ಸ್ವಸಹಾಯ ಸಂಘ, ಕಿರುಸಾಲದ ಕಂಪನಿ, ಕೈಸಾಲ ಎಲ್ಲವನ್ನೂ ಬೇರೆ ಬೇರೆ ಬರೆಯಿರಿ.

ಜಮೀನು. ಪಹಣಿಯಲ್ಲಿ "2-20" ಅಂದರೆ 2 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆ, ಆದ್ದರಿಂದ ಅದು ಎರಡೂವರೆ ಎಕರೆ, 2.5. ಎಕ್ಸೆಲ್‌ನಲ್ಲಿ 2.20 ಅಂತ ಟೈಪ್ ಮಾಡಿದರೆ ಹನ್ನೆರಡು ಗುಂಟೆ ಕಾಣೆಯಾಯಿತು. ಎಕರೆಗೆ ಒಂದು ಕಾಲಂ, ಗುಂಟೆಗೆ ಇನ್ನೊಂದು ಇಟ್ಟು, ಗುಂಟೆಯನ್ನು 40ರಿಂದ ಭಾಗಿಸಿ ಕೂಡಿಸಿ. ಖುಷ್ಕಿಯೋ ನೀರಾವರಿಯೋ ಎಂಬುದನ್ನೂ ಬರೆಯಿರಿ. ಅದಿಲ್ಲದೆ ಎಕರೆಯ ಲೆಕ್ಕಕ್ಕೆ ಅರ್ಥವೇ ಇಲ್ಲ.

ಮನೆಯ ಗಾತ್ರ. 24,000 ರೂಪಾಯಿ ಬರುವ ಇಬ್ಬರ ಮನೆಯೂ ಒಂಬತ್ತು ಜನರ ಮನೆಯೂ ಒಂದೇ ಅಲ್ಲ. ತಲೆಗೆ ಭಾಗಿಸಬಹುದು, ಆದರೆ ಒಂದೇ ಒಲೆ, ಒಂದೇ ಸೂರು ಹಂಚಿಕೊಳ್ಳುವುದರಿಂದ ದೊಡ್ಡ ಕುಟುಂಬಕ್ಕೆ ತಲಾ ಖರ್ಚು ಕಡಿಮೆ. ಅದಕ್ಕೆ ಸದಸ್ಯರ ಸಂಖ್ಯೆಯ ವರ್ಗಮೂಲದಿಂದ ಭಾಗಿಸುವ ರೂಢಿಯಿದೆ. ನಾಲ್ಕು ಜನರಿದ್ದರೆ 24,000ವನ್ನು 2ರಿಂದ ಭಾಗಿಸಿ 12,000. ಒಂಬತ್ತು ಜನರಿದ್ದರೆ 3ರಿಂದ ಭಾಗಿಸಿ 8,000. ಯಾವ ವಿಧಾನ ಬಳಸಿದಿರಿ ಎಂದು ಪ್ರಬಂಧದಲ್ಲಿ ಹೇಳಿ.

ಕುಪ್ಪುಸ್ವಾಮಿ ಮಾಪಕ ಬಳಸಬಹುದೇ ಅಂತ ಬಹಳ ಜನ ಕೇಳುತ್ತಾರೆ. ಅದು ಶಿಕ್ಷಣ, ಉದ್ಯೋಗ, ಆದಾಯ ಮೂರನ್ನೂ ಕೂಡಿಸಿ ಒಂದು ವರ್ಗ ಕೊಡುತ್ತದೆ. ನಗರದ ಕುಟುಂಬಗಳಿಗೆಂದು ಮಾಡಿದ್ದು. ಹಳ್ಳಿಗೆ ಉದಯ್ ಪರೀಕ್ ಅವರ ಮಾಪಕ ಇದೆ. ಕುಪ್ಪುಸ್ವಾಮಿ ಮಾಪಕದ ಆದಾಯದ ಮಿತಿಗಳನ್ನು ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಹೊಸದು ಮಾಡದೆ ಹಳೆಯ ಕೋಷ್ಟಕವನ್ನೇ ಬಳಸಿದರೆ ಕೂಲಿಯವರೂ ಮೇಲ್ಮಧ್ಯಮ ವರ್ಗಕ್ಕೆ ಹೋಗಿಬಿಡುತ್ತಾರೆ. ನಮ್ಮ ಕೆಲಸಕ್ಕಂತೂ ಶಿಕ್ಷಣ, ಉದ್ಯೋಗ, ಆದಾಯ ಮೂರನ್ನೂ ಬೇರೆಯಾಗಿ ಇಟ್ಟುಕೊಳ್ಳುವುದೇ ಒಳ್ಳೆಯದು. ಒಂದು ಅಂಕಿಯಾಗಿ ಬೆರೆಸಿದ ಮೇಲೆ ತೃಪ್ತಿಗೆ ತಳಕು ಹಾಕಿಕೊಂಡಿರುವುದು ಓದೋ ದುಡ್ಡೋ ಅಂತ ತಿಳಿಯಲು ದಾರಿಯಿರುವುದಿಲ್ಲ.

ಇನ್ನೊಂದು ಏಣಿಯನ್ನೂ ಇಟ್ಟುಕೊಳ್ಳಿ: "ನಿಮ್ಮ ಊರಿನ ಬೇರೆ ಮನೆಗಳಿಗೆ ಹೋಲಿಸಿದರೆ ಹಣಕಾಸಿನಲ್ಲಿ ನಿಮ್ಮ ಮನೆ ಎಷ್ಟನೇ ಮೆಟ್ಟಿಲು?" ರಿಚರ್ಡ್ ಈಸ್ಟರ್ಲಿನ್ 1974ರಲ್ಲಿ ತೋರಿಸಿದ ಒಗಟು ಇದನ್ನು ಕೇಳಲು ಕಾರಣ. ಒಂದೇ ಕಾಲದಲ್ಲಿ ನೋಡಿದರೆ ಶ್ರೀಮಂತರು ಬಡವರಿಗಿಂತ ಹೆಚ್ಚು ಸಂತೋಷವಾಗಿದ್ದೇವೆ ಅನ್ನುತ್ತಾರೆ. ಆದರೆ ಇಡೀ ಅಮೆರಿಕದ ಆದಾಯ ದಶಕಗಳ ಕಾಲ ಏರಿದರೂ ಸರಾಸರಿ ಸಂತೋಷ ಅದರೊಂದಿಗೆ ಏರಲಿಲ್ಲ. ಪಕ್ಕದ ಮನೆಗೆ ಹೋಲಿಸಿಕೊಳ್ಳುವುದು ಇದಕ್ಕೊಂದು ವಿವರಣೆ.

ಹಂತ 4: ಯಾರನ್ನು ಕೇಳಬೇಕು, ಎಷ್ಟು ಜನರನ್ನು

ಮಾದರಿ ಅಂದರೆ ಇಡೀ ಸಮುದಾಯದ ಪರವಾಗಿ ನೀವು ಮಾತಾಡಿಸುವ ಜನ. "384 ಸಾಕಂತೆ" ಎಂಬ ಮಾತು ಎಲ್ಲ ಕಾಲೇಜುಗಳಲ್ಲೂ ಓಡಾಡುತ್ತದೆ. ಅದು ಶೇಕಡಾವಾರು ಲೆಕ್ಕಕ್ಕೆ, ಶೇ. 95ರ ವಿಶ್ವಾಸ ಮತ್ತು ಶೇ. 5ರ ತಪ್ಪಿನ ಅಂಚು ಇಟ್ಟುಕೊಂಡಾಗ ಬರುವ ಸಂಖ್ಯೆ. ನಾವು ಅಳೆಯುತ್ತಿರುವುದು ಸರಾಸರಿ. ಉತ್ತರಗಳು ಸರಾಸರಿಯಿಂದ ಎಷ್ಟು ಹರಡಿಕೊಂಡಿವೆ ಎಂಬುದಕ್ಕೆ ಮಾನಕ ವಿಚಲನೆ ಅನ್ನುತ್ತಾರೆ. ಏಣಿಯಲ್ಲಿ ಅದು 2 ಮೆಟ್ಟಿಲು ಅಂದುಕೊಳ್ಳೋಣ. ಸರಾಸರಿಯನ್ನು ಕಾಲು ಮೆಟ್ಟಿಲಿನೊಳಗೆ ಹಿಡಿಯಬೇಕಾದರೆ 1.96ನ್ನು 2ರಿಂದ ಗುಣಿಸಿ, 0.25ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ: 246 ಜನ.

ಆದರೆ ಒಂದೇ ಊರಿನವರ ಉತ್ತರಗಳು ಒಂದಕ್ಕೊಂದು ಹೋಲುತ್ತವೆ. ಒಂದೇ ಕೆರೆ, ಒಂದೇ ಬಸ್ಸು, ಒಂದೇ ಬರ. ಊರಿಗೆ 15 ಜನರಂತೆ ಕೇಳಿ, ಆ ಹೋಲಿಕೆಯ ಪ್ರಮಾಣ 0.05 ಅಂತ ಇಟ್ಟುಕೊಂಡರೆ 246ನ್ನು 1.7ರಿಂದ ಗುಣಿಸಬೇಕು (15ರಲ್ಲಿ ಒಂದು ಕಳೆದು 14, ಅದನ್ನು 0.05ರಿಂದ ಗುಣಿಸಿ ಒಂದು ಕೂಡಿಸಿದರೆ 1.7). ಅಂದರೆ 28 ಊರುಗಳಿಂದ ಸುಮಾರು 420 ಜನ. ಎರಡೇ ಊರಿನಿಂದ 420 ಜನರನ್ನು ಕೇಳಿದರೆ ಅದು ಎರಡು ಊರಿನ ಕಥೆಯಷ್ಟೇ.

ತಾಲ್ಲೂಕು ಆರಿಸಲು ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ಈಗಲೂ ಉಪಯುಕ್ತ. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು. ಅದರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಬೇರೆ ಬೇರೆ ಗುಂಪಿನಿಂದ ಒಂದೊಂದನ್ನು ತೆಗೆದುಕೊಂಡರೆ ಹೋಲಿಕೆಗೆ ಆಧಾರ ಸಿಗುತ್ತದೆ.

ಊರೊಳಗೆ ಮತದಾರರ ಪಟ್ಟಿಯಿಂದ ಪ್ರತಿ ಇಂತಿಷ್ಟನೆಯ ಹೆಸರು ಎಂದು ಆರಿಸಿ. ಬಸ್‌ಸ್ಟ್ಯಾಂಡಿನಿಂದ ಶುರುಮಾಡಿ ಬಾಗಿಲು ತೆರೆದಿದ್ದ ಮನೆಗೆಲ್ಲ ಹೋಗಬೇಡಿ. ಹಾಗೆ ಹೋದವರ ಡೇಟಾದಲ್ಲಿ ಊರ ನಡುವಿನ ಮನೆಗಳು ತುಂಬಿರುತ್ತವೆ. ಕೇರಿ, ತಾಂಡಾ, ತೋಟದ ಮನೆಗಳು ಇರುವುದಿಲ್ಲ. ಹಗಲು ಹನ್ನೊಂದಕ್ಕೆ ಹೋದರೆ ಕೂಲಿಗೆ ಹೋದವರು ಯಾರೂ ಸಿಗುವುದಿಲ್ಲ. ಯಾರ ಸ್ಥಿತಿಗತಿ ತಿಳಿಯಲೆಂದು ಹೊರಟೆವೋ ಅವರೇ ಲೆಕ್ಕದಿಂದ ಬಿಟ್ಟುಹೋದಂತೆ. ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಆರರ ಮೇಲೆ ಹೋಗಿ. ಬೀಗ ಹಾಕಿದ್ದ ಮನೆಗೆ ಮೂರು ಸಲ ಹೋದ ಮೇಲಷ್ಟೇ ಕೈಬಿಡಿ.

ಹಂತ 5: ಮನೆಬಾಗಿಲಲ್ಲಿ

ಏಣಿಯ ಪ್ರಶ್ನೆ ಮೊದಲು ಬರಬೇಕು. ಸಾಲ, ಕಾಯಿಲೆ, ಬೆಳೆನಷ್ಟ ಎಲ್ಲ ಕೇಳಿದ ಮೇಲೆ ಏಣಿ ತೋರಿಸಿದರೆ ಆಗಷ್ಟೇ ನೆನಪಾದ ಕಷ್ಟವೇ ಬೆರಳನ್ನು ಕೆಳಗಿಳಿಸುತ್ತದೆ. ಸ್ಟ್ರಾಕ್, ಮಾರ್ಟಿನ್, ಶ್ವಾರ್ಜ್ ಎಂಬ ಮೂವರು 1988ರಲ್ಲಿ ವಿದ್ಯಾರ್ಥಿಗಳ ಮೇಲೆ ಇದನ್ನು ತೋರಿಸಿದ್ದಾರೆ. ಬದುಕಿನ ಸಂತೋಷದ ಪ್ರಶ್ನೆ ಮೊದಲು ಕೇಳಿ, ಎಷ್ಟು ಸಲ ಪ್ರೇಮಿಯೊಂದಿಗೆ ಹೊರಗೆ ಹೋಗುತ್ತೀರಿ ಎಂದು ಆಮೇಲೆ ಕೇಳಿದಾಗ ಎರಡಕ್ಕೂ ಸಹಸಂಬಂಧ (ಎರಡು ಅಂಶಗಳು ಎಷ್ಟು ಜೊತೆಜೊತೆಯಾಗಿ ಏರಿಳಿಯುತ್ತವೆ ಎಂಬುದರ −1ರಿಂದ 1ರವರೆಗಿನ ಅಳತೆ) −0.12, ಅಂದರೆ ಸಂಬಂಧವೇ ಇಲ್ಲ ಅನ್ನುವಷ್ಟು. ಕ್ರಮ ತಿರುಗಿಸಿದಾಗ 0.66.

ಉತ್ತರ ಕೊಡುವವರ ಪಕ್ಕದಲ್ಲಿ ಬೇರೆ ಯಾರೂ ಇರದಂತೆ ನೋಡಿಕೊಳ್ಳಿ. ಗಂಡ, ಅತ್ತೆ ಬಾಗಿಲಲ್ಲಿ ನಿಂತಿರುವಾಗ ಸೊಸೆ ತೋರಿಸಿದ ಮೆಟ್ಟಿಲು ಆಕೆಯದಲ್ಲ. ಹೆಂಗಸರನ್ನು ಹೆಂಗಸರೇ ಕೇಳುವ ವ್ಯವಸ್ಥೆ ಮಾಡಿ. ಏಕಾಂತ ಸಿಗಲಿಲ್ಲವಾದರೆ "ಪಕ್ಕದಲ್ಲಿ ಯಾರಿದ್ದರು" ಎಂಬ ಕಾಲಂನಲ್ಲಿ ಗುರುತು ಹಾಕಿ. ಆಮೇಲೆ ಆ ಉತ್ತರಗಳನ್ನು ಬಿಟ್ಟು ಲೆಕ್ಕ ಹಾಕಿ ನೋಡಬಹುದು.

ಮೊದಲೇ ಒಪ್ಪಿಗೆ ಪಡೆಯಿರಿ. ಇದರಿಂದ ರೇಷನ್ ಕಾರ್ಡು ಸಿಗುವುದೂ ಇಲ್ಲ, ಹೋಗುವುದೂ ಇಲ್ಲ ಎಂದು ಬಿಡಿಸಿ ಹೇಳಿ. ಬಿಪಿಎಲ್ ಕಾರ್ಡು ರದ್ದಾದೀತು ಎಂಬ ಹೆದರಿಕೆಯಿದ್ದ ಕಡೆ ಆದಾಯದ ಅಂಕಿ ಯಾವತ್ತೂ ಸರಿ ಬರುವುದಿಲ್ಲ. ಯಾರಾದರೂ ಸೊನ್ನೆ ಅಥವಾ ಒಂದರ ಮೇಲೆ ಬೆರಳಿಟ್ಟು ಕಣ್ಣೀರು ಹಾಕಿದರೆ ಪ್ರಶ್ನಾವಳಿ ಮುಚ್ಚಿ, ಮನುಷ್ಯರಾಗಿ ಕೂತುಕೊಳ್ಳಿ. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಆ ಸಂಖ್ಯೆ ಬರೆದ ಚೀಟಿ ನಿಮ್ಮ ಚೀಲದಲ್ಲಿ ಯಾವಾಗಲೂ ಇರಲಿ.

ಹಂತ 6: ಡೇಟಾ ಶುಚಿ ಮಾಡುವುದು

ಮೂಲ ಕಡತವನ್ನು ಮುಟ್ಟಬೇಡಿ, ಪ್ರತಿಯ ಮೇಲೆ ಕೆಲಸ ಮಾಡಿ. "ಉತ್ತರವಿಲ್ಲ" ಎಂಬುದಕ್ಕೆ 99 ಅಂತ ಹಾಕಿದ್ದರೆ ಅದು ಉತ್ತರವಲ್ಲ ಎಂದು ಸಾಫ್ಟ್‌ವೇರಿಗೆ ತಿಳಿಸಿ. 200 ಜನರಲ್ಲಿ 194 ಜನರ ನಿಜವಾದ ಸರಾಸರಿ 5.5 ಇದ್ದು, ಉಳಿದ ಆರು ಸಾಲುಗಳಲ್ಲಿ 99 ಉಳಿದುಬಿಟ್ಟರೆ ಸರಾಸರಿ 8.3 ಆಗುತ್ತದೆ. ಪ್ರತಿ ಕಾಲಂನ ಕನಿಷ್ಠ, ಗರಿಷ್ಠ ನೋಡಿದರೆ ಇಂಥ ತಪ್ಪು ತಕ್ಷಣ ಸಿಗುತ್ತದೆ.

ಹಂತ 7: ಮೊದಲು ಕಣ್ಣಿನಿಂದ ನೋಡಿ

ಏಣಿಯ ಉತ್ತರಗಳಿಗೆ ಒಂದು ಸ್ತಂಭಚಿತ್ರ ಹಾಕಿ. ಸಾಮಾನ್ಯವಾಗಿ ಐದರ ಮೇಲೆ ದೊಡ್ಡ ರಾಶಿ ಇರುತ್ತದೆ. ಒಬ್ಬನೇ ಸಮೀಕ್ಷಕ ತಂದ ಉತ್ತರಗಳಲ್ಲಿ ಮುಕ್ಕಾಲು ಪಾಲು ಐದೇ ಆಗಿದ್ದರೆ, ಆತ ಏಣಿಯನ್ನು ಹೊರಗೇ ತೆಗೆದಿಲ್ಲ. ಸಮೀಕ್ಷಕರವಾರು ಸರಾಸರಿ ನೋಡುವುದನ್ನು ಮರೆಯಬೇಡಿ.

ಆಮೇಲೆ ಆದಾಯದ ಪ್ರಕಾರ ಜನರನ್ನು ಐದು ಸಮಗುಂಪು ಮಾಡಿ, ಪ್ರತಿ ಗುಂಪಿನ ಸರಾಸರಿ ಮೆಟ್ಟಿಲನ್ನು ವಿಶ್ವಾಸಾಂತರದೊಂದಿಗೆ ಕೊಡಿ. ವಿಶ್ವಾಸಾಂತರ ಅಂದರೆ ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ. ಎಷ್ಟೋ ಪ್ರಬಂಧಗಳಿಗೆ ಈ ಒಂದು ಕೋಷ್ಟಕವೇ ಜೀವಾಳ, ಪರೀಕ್ಷಕರಿಗೂ ಓದುಗರಿಗೂ ಅರ್ಥವಾಗುವಂಥದ್ದು. ಸಹಸಂಬಂಧ ಕೊಡುವುದಾದರೆ ಸ್ಪಿಯರ್‌ಮನ್ ವಿಧಾನ ಬಳಸಿ. ಅದು ಅಂಕಿಯ ಬದಲು ಸ್ಥಾನವನ್ನು ನೋಡುವುದರಿಂದ, ಮಾದರಿಗೆ ಬಂದುಬಿಟ್ಟ ಒಬ್ಬಿಬ್ಬರು ಭಾರಿ ಶ್ರೀಮಂತರು ಲೆಕ್ಕವನ್ನು ಎಳೆದಾಡುವುದಿಲ್ಲ.

ಹಂತ 8: ರಿಗ್ರೆಷನ್

ಒಂದು ಅಂಶ ಬದಲಾದಾಗ, ಉಳಿದವು ಹಾಗೇ ಇದ್ದರೆ, ತೃಪ್ತಿಯಲ್ಲಿ ಸರಾಸರಿ ಎಷ್ಟು ವ್ಯತ್ಯಾಸ ಕಾಣುತ್ತದೆ ಎಂದು ಅಂದಾಜಿಸುವ ಲೆಕ್ಕ ಇದು. ಆ ವ್ಯತ್ಯಾಸದ ಅಂಕಿಗೆ ಗುಣಾಂಕ ಅನ್ನುತ್ತಾರೆ.

ಆದಾಯವನ್ನು ರೂಪಾಯಿಯಲ್ಲಿ ನೇರ ಹಾಕಬೇಡಿ. ಹಾಗೆ ಹಾಕಿದವರು "ಗುಣಾಂಕ 0.000 ಬಂದಿದೆ, ಆದರೂ ಮಹತ್ವದ್ದು ಅಂತ ತೋರಿಸ್ತಿದೆ" ಎಂದು ಗಾಬರಿಯಿಂದ ಫೋನ್ ಮಾಡುತ್ತಾರೆ (ಮಹತ್ವದ್ದು ಅಂದರೆ ಬರೀ ಆಕಸ್ಮಿಕ ಅನ್ನಲಾಗದಂಥದ್ದು). ಒಂದು ರೂಪಾಯಿ ಹೆಚ್ಚಾದರೆ ಬದುಕಿನಲ್ಲಿ ಏನು ಬದಲಾದೀತು? ಆದಾಯದ ಲಾಗ್ ತೆಗೆದುಕೊಳ್ಳಿ. ಲಾಗ್ ಅಂದರೆ ರೂಪಾಯಿಯ ಏರಿಕೆಯ ಬದಲು ಎಷ್ಟು ಪಟ್ಟು ಏರಿತು ಎಂದು ನೋಡುವ ಅಳತೆ. ಉದಾಹರಣೆಗೆ ಗುಣಾಂಕ 0.6 ಬಂತು ಅನ್ನೋಣ. ಆದಾಯ ದುಪ್ಪಟ್ಟಾದರೆ 0.6ನ್ನು 0.693ರಿಂದ (ಅದು 2ರ ನೈಸರ್ಗಿಕ ಲಾಗ್) ಗುಣಿಸಿ: ಸುಮಾರು 0.4 ಮೆಟ್ಟಿಲು. 8,000 ಬರುವ ಮನೆಗೆ ಇನ್ನೊಂದು 8,000 ಬಂದರೂ, 40,000 ಬರುವ ಮನೆಗೆ ಇನ್ನೊಂದು 40,000 ಬಂದರೂ ಅದೇ 0.4. ಬಡಮನೆಗೆ ಒಂದು ಸಾವಿರದ ತೂಕ ಎಷ್ಟು ಹೆಚ್ಚು ಎಂಬುದನ್ನು ಈ ಲೆಕ್ಕ ಸರಿಯಾಗಿ ಹಿಡಿಯುತ್ತದೆ. ಆದಾಯ ಸೊನ್ನೆ ಇರುವ ಮನೆಗೆ ಲಾಗ್ ಇಲ್ಲ. ಅಲ್ಲಿ ಖರ್ಚಿನ ಅಂಕಿ ಕೈಹಿಡಿಯುತ್ತದೆ.

ಈ ಲೆಕ್ಕದಲ್ಲಿ ವಯಸ್ಸು ಮತ್ತು ವಯಸ್ಸಿನ ವರ್ಗ (ವಯಸ್ಸನ್ನು ಅದರಿಂದಲೇ ಗುಣಿಸಿದ್ದು) ಎರಡನ್ನೂ ಹಾಕಿ, ಯಾಕೆಂದರೆ ವಯಸ್ಸಿನ ಜೊತೆಗಿನ ಸಂಬಂಧ ನೇರ ಗೆರೆಯಾಗಿರಬೇಕಿಲ್ಲ. ಲಿಂಗ, ವೈವಾಹಿಕ ಸ್ಥಿತಿ, ಶಿಕ್ಷಣ, ಉದ್ಯೋಗ, ಜಾತಿ ವರ್ಗ, ಸಾಲ, ತಾಲ್ಲೂಕು ಇರಲಿ. ಆರೋಗ್ಯದ ಬಗ್ಗೆ ಎಚ್ಚರಿಕೆ ಬೇಕು. ಆದಾಯ ಹೆಚ್ಚಾದವರು ಚಿಕಿತ್ಸೆ ಪಡೆದು, ಆರೋಗ್ಯ ಸುಧಾರಿಸಿ, ತೃಪ್ತರಾಗುವ ದಾರಿಯೂ ಇದೆಯಲ್ಲ. ಆರೋಗ್ಯವನ್ನು ಸೇರಿಸಿದರೆ ಆ ದಾರಿಯನ್ನೇ ಮುಚ್ಚಿದಂತೆ, ಆದಾಯದ ಗುಣಾಂಕ ಕುಗ್ಗುತ್ತದೆ. ಆರೋಗ್ಯ ಇಲ್ಲದೆ ಒಮ್ಮೆ, ಸೇರಿಸಿ ಒಮ್ಮೆ, ಎರಡೂ ಫಲಿತಾಂಶ ಕೊಡಿ. ಊರುಗಳಿಂದ ಗುಂಪಾಗಿ ಮಾದರಿ ತೆಗೆದಿರುವುದರಿಂದ ದೋಷದ ಅಂದಾಜನ್ನು ಊರಿನ ಮಟ್ಟದಲ್ಲಿ ಮಾಡುವಂತೆ ಸಾಫ್ಟ್‌ವೇರಿಗೆ ಹೇಳಿ. ಇಲ್ಲವಾದರೆ ಎಲ್ಲವೂ ಮಹತ್ವದ್ದಾಗಿಯೇ ಕಾಣುತ್ತದೆ.

ಏಣಿಯ ಅಂಕಿಗಳು ಬರೀ ಕ್ರಮಾಂಕಗಳಲ್ಲವೇ, ಸಾಮಾನ್ಯ ರಿಗ್ರೆಷನ್ ಹಾಕಬಹುದೇ ಎಂದು ಮಾರ್ಗದರ್ಶಕರು ಕೇಳಿದರೆ, ಆರ್ಡರ್ಡ್ ಲಾಜಿಟ್ ಎಂಬ ಕ್ರಮಾಂಕಗಳ ವಿಧಾನವನ್ನೂ ಹಾಕಿ ಪಕ್ಕದಲ್ಲಿಡಿ. ಫೆರೆರ್-ಇ-ಕಾರ್ಬೊನೆಲ್ ಮತ್ತು ಫ್ರೈಟರ್ಸ್ 2004ರಲ್ಲಿ ಹೋಲಿಸಿ ನೋಡಿದಾಗ ಎರಡರ ಫಲಿತಾಂಶಗಳಲ್ಲಿ ಹೆಚ್ಚು ವ್ಯತ್ಯಾಸ ಕಂಡಿರಲಿಲ್ಲ.

ಹಂತ 9: ಫಲಿತಾಂಶ ಬರೆಯುವುದು

ಪಿ ಮೌಲ್ಯ ಎಂದರೆ, ನಿಜವಾಗಿ ಯಾವ ಸಂಬಂಧವೂ ಇಲ್ಲದಿದ್ದರೂ ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ. ಇಪ್ಪತ್ತು ಅಂಶಗಳನ್ನು ಪರೀಕ್ಷಿಸಿದರೆ ಸುಮಾರು ಒಂದು ಸುಮ್ಮಸುಮ್ಮನೆ, ಮಹತ್ವದ್ದು ಎನ್ನಲು ರೂಢಿಯಲ್ಲಿರುವ 0.05ರ ಗೆರೆಗಿಂತ ಕೆಳಗೆ ಬರುತ್ತದೆ. ಆ ಒಂದನ್ನೇ ಹಿಡಿದು ಅಧ್ಯಾಯ ಬರೆಯಬೇಡಿ. ಪರೀಕ್ಷಿಸಿದ ಇಪ್ಪತ್ತನ್ನೂ ತೋರಿಸಿ.

ಆರ್-ವರ್ಗ, ಅಂದರೆ ಜನರ ನಡುವಿನ ವ್ಯತ್ಯಾಸದಲ್ಲಿ ನಿಮ್ಮ ಲೆಕ್ಕ ವಿವರಿಸಿದ ಪಾಲು, ಕಡಿಮೆ ಬಂದರೆ ಕುಗ್ಗಬೇಡಿ. ಮನುಷ್ಯರ ಬದುಕಿನ ಬಗ್ಗೆ ಹತ್ತು ಪ್ರಶ್ನೆ ಕೇಳಿ ಪೂರ್ತಿ ವಿವರಿಸಿಬಿಟ್ಟೆ ಅನ್ನುವ ಫಲಿತಾಂಶ ಬಂದರೇ ಅನುಮಾನಪಡಬೇಕು.

ಪದಗಳ ಬಗ್ಗೆ ನಾನು ಹಟ ಹಿಡಿಯುತ್ತೇನೆ. ಒಂದೇ ಸಲ ಮಾಡಿದ ಸಮೀಕ್ಷೆಯಿಂದ "ಸಾಲವು ತೃಪ್ತಿಯನ್ನು ಕಡಿಮೆ ಮಾಡುತ್ತದೆ" ಎಂದು ಬರೆಯಲಾಗದು. ಕಾಯಿಲೆ ಬಂದದ್ದರಿಂದ ಸಾಲವೂ ಆಗಿರಬಹುದು, ಮನಸ್ಸೂ ಕುಸಿದಿರಬಹುದು. "ಒಂದೇ ಮಟ್ಟದ ಆದಾಯವಿದ್ದವರಲ್ಲಿ, ಕೈಸಾಲ ಇರುವವರು ಇಲ್ಲದವರಿಗಿಂತ ಏಣಿಯಲ್ಲಿ ಸರಾಸರಿ ಇಷ್ಟು ಕೆಳಗಿದ್ದರು" ಎಂದು ಬರೆಯಿರಿ. ಆ "ಇಷ್ಟು" ಎಂಬಲ್ಲಿ ಅಂಕಿ, ಅದರ ಪಕ್ಕದಲ್ಲಿ ವಿಶ್ವಾಸಾಂತರ, ಎಷ್ಟು ಜನರ ಮೇಲಿನ ಲೆಕ್ಕ ಎಂಬುದು ಇರಲಿ. ಊರುಗಳ ಸರಾಸರಿ ಹೋಲಿಸಿ ವ್ಯಕ್ತಿಗಳ ಬಗ್ಗೆ ತೀರ್ಪು ಕೊಡುವುದೂ ಅಷ್ಟೇ ತಪ್ಪು. ಬಡ ಊರಿನಲ್ಲಿ ಸರಾಸರಿ ಕಡಿಮೆ ಬಂದ ಮಾತ್ರಕ್ಕೆ ಅಲ್ಲಿ ಕೆಳಗಿನ ಮೆಟ್ಟಿಲು ತೋರಿಸಿದವರು ಬಡವರೇ ಎಂದು ಗೊತ್ತಾಗುವುದಿಲ್ಲ.

ಅನುಬಂಧದಲ್ಲಿ ಮೂರನ್ನು ಕಡ್ಡಾಯವಾಗಿ ಸೇರಿಸಿ: ನೀವು ಕೇಳಿದ ಪ್ರಶ್ನೆಗಳು ಕೇಳಿದ ಕನ್ನಡದಲ್ಲೇ, ಏಣಿಯ ಚಿತ್ರ, ಮತ್ತು ಆರಿಸಿದ ಮನೆಗಳಲ್ಲಿ ಎಷ್ಟು ಸಿಗಲಿಲ್ಲ, ಎಷ್ಟು ಜನ ಒಪ್ಪಲಿಲ್ಲ ಎಂಬ ಲೆಕ್ಕ. ಹೆಸರು, ಮೊಬೈಲ್ ನಂಬರು ಇರುವ ಕಾಲಂಗಳನ್ನು ಡೇಟಾ ಕಡತದಿಂದ ತೆಗೆದು ಬೇರೆ ಕಡೆ ಬೀಗದಲ್ಲಿಡಿ.